ಗಾವುದವೂ ಗಳಿಗೆಯೂ

ಭಾನುವಳ್ಳಿಯ ಹಿರಿಯ ಶ್ರಾವಕರೊಬ್ಬರ ಮನೆಯಲ್ಲಿ, ದೇವರ ಗೂಡಿನ ಕೆಳಗೆ, ಜಪಮಣಿಯ ಪಕ್ಕದಲ್ಲಿ ಕೆಂಪು ರಟ್ಟಿನ ಉದ್ದ ಪುಸ್ತಕವೊಂದಿದೆ. ಹರಿಹರದ ಅಂಗಡಿಯಲ್ಲಿ ರೋಜುಕೀರ್ದಿ ಬರೆಯಲೆಂದು ತಂದ ಪುಸ್ತಕಗಳಲ್ಲಿ ಅದೂ ಒಂದು. ಅದರ ಮೊದಲ ಪುಟದಲ್ಲಿ ಲೆಕ್ಕವಿಲ್ಲ. ಹತ್ತು ದಿಕ್ಕುಗಳ ಹೆಸರಿದೆ, ಪ್ರತಿಯೊಂದರ ಎದುರಿಗೂ ಒಂದು ಎಲ್ಲೆಯಿದೆ. ಪೂರ್ವಕ್ಕೆ ಕೋಲಾರ, ಪಶ್ಚಿಮಕ್ಕೆ ಸಮುದ್ರ, ದಕ್ಷಿಣಕ್ಕೆ ಶ್ರವಣಬೆಳಗೊಳ, ಉತ್ತರಕ್ಕೆ ಮಳಖೇಡ. ನಾಲ್ಕು ಮೂಲೆಗಳು ಇವಕ್ಕೆ ಅನುಸಾರವಾಗಿ. ಕೆಳಕ್ಕೆ ಬಾವಿಯ ತಳ. ಮೇಲಕ್ಕೆ, ಶ್ರವಣಬೆಳಗೊಳದ ದೊಡ್ಡಬೆಟ್ಟದ ನೆತ್ತಿ. ಕೊನೆಯಲ್ಲಿ ‘ಯಾವಜ್ಜೀವ’ ಎಂದು ಬರೆದು ರುಜು ಹಾಕಿದೆ. ವರ್ಷ 1981.

ಇದು ದಿಗ್ವ್ರತ. ಶ್ರಾವಕನ ಹನ್ನೆರಡು ವ್ರತಗಳನ್ನು ಬಾಯಿಪಾಠವಾಗಿ ಹೇಳಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ದಿಗ್ವ್ರತವನ್ನು ಬರೆದಿಟ್ಟುಕೊಂಡು ನಡೆಯುವವರು ವಿರಳ. ಎಲ್ಲೆಯನ್ನು ಹೇಗೆ ಗೊತ್ತುಮಾಡಬೇಕೆಂಬುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ: ಎಲ್ಲರಿಗೂ ಗೊತ್ತಿರುವ ಸಮುದ್ರ, ನದಿ, ಅಡವಿ, ಬೆಟ್ಟ, ನಾಡು ಇಲ್ಲವೇ ಯೋಜನಗಳ ಲೆಕ್ಕ. ಎಲ್ಲೆಯಿಂದಾಚೆಗೆ ಗೃಹಸ್ಥನು ಸೂಕ್ಷ್ಮ ಪಾಪವನ್ನೂ ಮಾಡುವ ಸಂಭವವಿಲ್ಲದ್ದರಿಂದ, ಆ ಹೊರಗಿನ ಲೋಕದ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳ ಹಾಗೆ ಆಗುತ್ತವೆಂಬುದು ಅವರ ಮಾತಿನ ಭಾವ. ಸಂಸಾರ ಬಿಡದವನಿಗೆ ಮುನಿತ್ವದ ಒಂದು ತುಣುಕು ದೊರೆಯುವ ಜಾಗ ಇದು.

ಆ ವರ್ಷದ ಫೆಬ್ರವರಿಯಲ್ಲಿ ಗೊಮ್ಮಟೇಶ್ವರನ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆಯಿತು. ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಸ್ವಾಮಿಯ ಮೇಲೆ ಹೂಮಳೆಗರೆದದ್ದನ್ನು ಅಲ್ಲಿ ನೆರೆದಿದ್ದ ಲಕ್ಷಾಂತರ ಜನ ತಲೆಯೆತ್ತಿ ನೋಡಿದರು. ಆಗ ನಲವತ್ತೊಂದರ ವಯಸ್ಸಿನ ಈ ಅಕ್ಕಿ ವ್ಯಾಪಾರಿಯೂ ನೋಡಿದರು. ಅದೇ ಯಾತ್ರೆಯಲ್ಲಿ, ಅಲ್ಲಿಗೆ ಬಿಜಯಂಗೈದಿದ್ದ ಮುನಿಗಳೊಬ್ಬರ ಸನ್ನಿಧಿಯಲ್ಲಿ ವ್ರತ ಸ್ವೀಕರಿಸಿದರು. ಊರ್ಧ್ವದಿಕ್ಕಿಗೆ ಬೆಟ್ಟದ ನೆತ್ತಿಯನ್ನೇ ಎಲ್ಲೆಯಾಗಿ ಬರೆದುಕೊಂಡಾಗ, ಬೆಟ್ಟಕ್ಕಿಂತ ಮೇಲೆ ಹಾರುವ ವಾಹನವನ್ನು ಅವರು ಕಣ್ಣಾರೆ ಕಂಡಿದ್ದರು. ತಮಗೂ ಅದಕ್ಕೂ ಏನು ಸಂಬಂಧ ಎಂದುಕೊಂಡಿರಬೇಕು.

ಉತ್ತರಕ್ಕೆ ಮಳಖೇಡವೇ ಏಕೆ ಎಂಬುದಕ್ಕೆ ಕಾರಣವಿತ್ತು. ಅವರ ಒಬ್ಬಳೇ ಅಕ್ಕನನ್ನು 1954ರಲ್ಲಿ ಅಲ್ಲಿಗೆ ಕೊಟ್ಟಿದ್ದರು. ಆಗ ಭಾನುವಳ್ಳಿ ಮೈಸೂರು ರಾಜ್ಯದ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಮಳಖೇಡ ಹೈದರಾಬಾದ್ ರಾಜ್ಯದಲ್ಲಿತ್ತು. ಮಾತು ಒಂದೇ ಕನ್ನಡ, ಆಳುವ ಸರಕಾರಗಳು ಬೇರೆ. ಮದುವೆಯ ದಿಬ್ಬಣ ಗಾಡಿ ಕಟ್ಟಿಕೊಂಡು ಹರಿಹರಕ್ಕೆ ಬಂದು, ಅಲ್ಲಿಂದ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಒಮ್ಮೆ, ಗುಂತಕಲ್ಲಿನಲ್ಲಿ ಒಮ್ಮೆ, ವಾಡಿಯಲ್ಲಿ ಮತ್ತೊಮ್ಮೆ ಗಾಡಿ ಬದಲಿಸಿ, ಮೂರನೆಯ ದಿನ ಮಳಖೇಡ ಸೇರಿತ್ತು. ಇಂದಿನ ರಸ್ತೆಯ ಲೆಕ್ಕದಲ್ಲಿ ನಾನೂರು ಕಿಲೋಮೀಟರಿಗೂ ಮಿಕ್ಕ ದೂರ. ಹದಿನಾಲ್ಕರ ತಮ್ಮ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಅಕ್ಕನ ಪೆಟ್ಟಿಗೆಯ ಮೇಲೆ ಕುಳಿತು ರಾತ್ರಿ ಕಳೆದಿದ್ದ. ಇಪ್ಪತ್ತೇಳು ವರ್ಷಗಳ ತರುವಾಯ ವ್ರತದ ಎಲ್ಲೆ ಬರೆಯುವಾಗ, ಅಕ್ಕನ ಮನೆಯ ಬಾಗಿಲು ಎಲ್ಲೆಯ ಒಳಗೇ ಉಳಿಯಲಿ ಎಂದು ಮಳಖೇಡವನ್ನು ಇಟ್ಟುಕೊಂಡರು.

ಜೈನರಿಗೆ ಮಳಖೇಡದ ಹೆಸರು ಹೊಸದಲ್ಲ. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ಆದಿಪುರಾಣವನ್ನು ರಚಿಸಿದ ಕಾಲ ಅದು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಎಲ್ಲೆ ಹೇಳಿದ ಕವಿರಾಜಮಾರ್ಗವೂ ಅದೇ ಆಸ್ಥಾನದ್ದು. ಈಗ ಅಲ್ಲಿ ಕೋಟೆಯ ಗೋಡೆಗಳು ಉಳಿದಿವೆ, ನೇಮಿನಾಥನ ಬಸದಿ ಉಳಿದಿದೆ. ಬಸದಿಯಲ್ಲಿ ತೊಂಬತ್ತಾರು ಜಿನಬಿಂಬಗಳಿರುವ ಪಂಚಲೋಹದ ಪುಟ್ಟ ಮಂದಿರವೊಂದಿದೆ. ಅಷ್ಟು ದೂರ ಹೋಗಿ ಅದನ್ನು ನೋಡದೆ ಬರುವವರೂ ಇದ್ದಾರೆ, ನೋಡಿ ಬರಬೇಕು.

ಅದೇ ಅಮೋಘವರ್ಷನನ್ನು ಹೊಗಳಿ ತನ್ನ ಗ್ರಂಥವನ್ನು ಆರಂಭಿಸಿದ ಇನ್ನೊಬ್ಬ ಜೈನ ವಿದ್ವಾಂಸರು ಮಹಾವೀರಾಚಾರ್ಯರು. ಸುಮಾರು ಕ್ರಿ.ಶ. 850ರ ಅವರ ಗಣಿತಸಾರಸಂಗ್ರಹದ ಮೊದಲಲ್ಲಿ ಅಳತೆಗಳ ಪಟ್ಟಿಗಳಿವೆ. ಕ್ಷೇತ್ರದ ಪಟ್ಟಿಯಲ್ಲಿ ಪರಮಾಣುವಿನಿಂದ ಹೊರಟು ಅಂಗುಲ, ಹಸ್ತ, ದಂಡ, ಕ್ರೋಶಗಳನ್ನು ದಾಟಿ ಯೋಜನಕ್ಕೆ ತಲುಪುತ್ತಾರೆ. ನಾಲ್ಕು ಕ್ರೋಶಕ್ಕೆ ಒಂದು ಯೋಜನ. ಕಾಲದ ಪಟ್ಟಿಯೇ ಬೇರೆ: ಸಮಯ, ಆವಳಿ, ಉಚ್ಛ್ವಾಸ, ಸ್ತೋಕ, ಲವ, ಘಟಿ, ಮುಹೂರ್ತ. ಒಂದು ಪಟ್ಟಿಯನ್ನು ಮುಗಿಸಿ ಇನ್ನೊಂದನ್ನು ಆರಂಭಿಸುತ್ತಾರೆಯೇ ಹೊರತು ಎರಡನ್ನೂ ಬೆರೆಸುವುದಿಲ್ಲ. ಅವೆರಡು ಒಂದೆಡೆ ಸೇರುವುದು ಮುಂದೆ ತ್ರೈರಾಶಿಕದಲ್ಲಿ, ಇಷ್ಟು ದಿನಕ್ಕೆ ಇಷ್ಟು ದೂರ ಮುಂದೆ ಹೋಗಿ ಇಷ್ಟು ಹಿಂದಕ್ಕೆ ಸರಿಯುವವನ ಲೆಕ್ಕ ಬಂದಾಗ. ಭಾನುವಳ್ಳಿಯ ಮನೆಯಲ್ಲಿ ಎದ್ದ ತರ್ಕವೂ ಈ ಎರಡು ಪಟ್ಟಿಗಳ ನಡುವಿನದೇ.

ವ್ರತಕ್ಕೆ ಮೊದಲು ಬೆಲೆ ತೆತ್ತದ್ದು ಅಂಗಡಿ. ಭದ್ರಾ ನಾಲೆಯ ನೀರು ಹರಿದ ಮೇಲೆ ಹರಿಹರದ ಸುತ್ತಿನ ಭತ್ತ ಹೆಚ್ಚಿತು, ಅಕ್ಕಿಗೆ ದೂರದ ಪೇಟೆಗಳಿಂದ ಕರೆ ಬಂದಿತು. ಸೊಲ್ಲಾಪುರ, ಹೈದರಾಬಾದುಗಳ ದಲ್ಲಾಳಿಗಳು ಮಾಲು ಕೇಳಿದರು. ಒಮ್ಮೆ ಬಂದು ಕರಾರು ಮಾಡಿಕೊಂಡು ಹೋದರೆ ಸಾಕು ಎಂದರು. ಇವರು ಹೋಗಲಿಲ್ಲ, ಮುನೀಮನನ್ನೂ ಕಳುಹಿಸಲಿಲ್ಲ. ಮಕ್ಕಳು ಬೆಳೆದು ತಮ್ಮ ವ್ಯವಹಾರವನ್ನು ದೂರಕ್ಕೆ ವಿಸ್ತರಿಸಬೇಕೆಂದಾಗ ಅವರ ಖಾತೆಯನ್ನು ಬೇರೆ ಮಾಡಿಕೊಟ್ಟರು. ಆ ಲಾಭದ ಒಂದು ಕಾಸೂ ತಮ್ಮ ಖಾತೆಗೆ ಬರಬಾರದೆಂದರು. ವ್ಯಾಪಾರಿಯಾದವನಿಗೆ ದಿಗ್ವ್ರತವೆಂದರೆ ಮೊದಲು ಇದೇ. ಲೋಭಕ್ಕೆ ಕಾಲುಗಳಿವೆ, ಆ ಕಾಲುಗಳಿಗೆ ಕಟ್ಟಿದ ಹಗ್ಗ. ಈ ಬಗೆಯ ನಷ್ಟವನ್ನು ಅವರು ಹಗುರವಾಗಿಯೇ ಹೊತ್ತರು. ಊರಿನಲ್ಲಿ ಹೆಸರೂ ಬಂದಿತು.

1998ರಲ್ಲಿ ಅಕ್ಕ ಮಳಖೇಡ ಬಿಟ್ಟಳು. ಯಜಮಾನರು ತೀರಿಕೊಂಡಿದ್ದರು, ಮಗನಿಗೆ ಬೀದರ್‌ನಲ್ಲಿ ನೌಕರಿಯಾಗಿತ್ತು. ಬೀದರ್ ಮಳಖೇಡದಿಂದ ಇನ್ನೂ ಉತ್ತರಕ್ಕೆ, ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು. ಅಕ್ಕನ ಬಾಗಿಲು ಎಲ್ಲೆಯ ಹೊರಗೆ ಬಿತ್ತು. ಆದರೆ ಅದು ಆಗ ಯಾರಿಗೂ ದೊಡ್ಡ ತೊಡಕಾಗಿ ಕಾಣಲಿಲ್ಲ. ವರ್ಷಕ್ಕೊಮ್ಮೆ ಅಕ್ಕನೇ ಮಳಖೇಡಕ್ಕೆ ಬರುತ್ತಿದ್ದಳು, ತಮ್ಮ ಇಲ್ಲಿಂದ ಹೋಗುತ್ತಿದ್ದರು. ನೇಮಿನಾಥನ ದರ್ಶನ ಮಾಡಿ, ಎರಡು ದಿನ ಹಳೆಯ ಮನೆಯಲ್ಲಿ ಉಳಿದು, ಇಬ್ಬರೂ ತಮ್ಮ ತಮ್ಮ ದಿಕ್ಕಿಗೆ ಹೊರಡುತ್ತಿದ್ದರು. ಬೀದರ್‌ಗೆ ಬಾ ಎಂದು ಅಕ್ಕ ಒಮ್ಮೆಯೂ ಕರೆಯಲಿಲ್ಲ.

2022ರ ಕೊನೆಯಲ್ಲಿ, ಎಂಬತ್ತೇಳರ ಅಕ್ಕನಿಗೆ ಹೃದಯದ ಬೇನೆ ಕಾಣಿಸಿತು. ವೈದ್ಯರು ಹೆಚ್ಚು ದಿನ ಹೇಳಲಿಲ್ಲ. ಅಕ್ಕನ ಮಗ ಭಾನುವಳ್ಳಿಗೆ ಫೋನು ಮಾಡಿದ: “ಮಾವ, ಅವ್ವ ದಿನಾ ನಿಮ್ಮ ಹೆಸರು ತೆಗೀತಾಳ. ಒಂದ್ಸಲ ಬಂದು ಹೋಗ್ರಿ.”

ಇಲ್ಲಿಂದ ಲೆಕ್ಕ ಆರಂಭವಾಯಿತು. ಭಾನುವಳ್ಳಿಯ ಹಿರಿಯ ಮಗ ಕಾಗದ ತೆಗೆದುಕೊಂಡು ಕುಳಿತ. ಬೀದರ್‌ನ ವಾಯುಪಡೆಯ ನೆಲೆಯಿಂದ 2020ರ ಫೆಬ್ರವರಿ 7ರಂದು ನಾಗರಿಕ ವಿಮಾನ ಮೊದಲ ಸಲ ಬೆಂಗಳೂರಿಗೆ ಹಾರಿತ್ತು. ನಡುವೆ ನಿಂತು, ಆ ವರ್ಷ, ಅಂದರೆ 2022ರಲ್ಲಿ, ಮತ್ತೆ ಹಾರುತ್ತಿತ್ತು. ಭಾನುವಳ್ಳಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಸುಮಾರು ಐದು ಗಂಟೆ. ಅಲ್ಲಿಂದ ಬೀದರ್‌ಗೆ ಗಗನಮಾರ್ಗದಲ್ಲಿ ಐನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಆಕಾಶದಲ್ಲಿರುವುದು ಒಂದು ಗಂಟೆ ಚಿಲ್ಲರೆ. “ಅಪ್ಪಾಜಿ, ನಿಮ್ಮ ಲೆಕ್ಕದಲ್ಲೇ ಹೇಳ್ತೀನಿ. ಮೂರು ಗಳಿಗೆ. ಮಳಖೇಡಕ್ಕೆ ಹೋಗೋಕೆ ನೀವು ಒಂದು ಹಗಲು ಕಳೀತೀರಿ. ಯಾವುದು ದೂರ, ಯಾವುದು ಹತ್ತಿರ?” ಎಂದ.

ಮೊಮ್ಮಗ ಇದಕ್ಕೆ ಇನ್ನೊಂದು ವಿನೋದವನ್ನು ಸೇರಿಸಿದ. ಉತ್ತರದ ಆ ಎರಡು ಊರುಗಳಿಗೂ ಆಗ ವಿಮಾನವಿತ್ತು. ಕಲಬುರಗಿಯ ನಿಲ್ದಾಣ 2019ರ ನವೆಂಬರ್ 22ರಂದು ಆರಂಭವಾದದ್ದು. ಆದರೆ ಕಲಬುರಗಿಯಿಂದ ಬೀದರ್‌ಗೆ ಹಾರಿಯೇ ಹೋಗಬೇಕೆಂದವನು ಮೊದಲು ದಕ್ಷಿಣದ ಬೆಂಗಳೂರಿಗೆ ಬಂದು, ಮತ್ತೆ ಉತ್ತರಕ್ಕೆ ಹಾರಬೇಕು. ಎರಡು ಊರುಗಳ ನಡುವಿನ ನೇರ ಅಂತರ ನೂರು ಕಿಲೋಮೀಟರಿನಷ್ಟು. ಹಾರುವುದು ಸಾವಿರದ ಹತ್ತಿರ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ 110 ಕಿಲೋಮೀಟರಿನ ಹೊಸ ರೈಲುಮಾರ್ಗದಲ್ಲಿ ಅದೇ ಪ್ರಯಾಣ ಸುಮಾರು ಮೂರು ಗಂಟೆಯದು. ಗಳಿಗೆಯನ್ನು ನಂಬಿ ಗಾವುದವನ್ನು ಮರೆತರೆ ಲೆಕ್ಕ ಎಲ್ಲಿಗೆ ಹೋಗುತ್ತದೆಂಬುದನ್ನು ಹುಡುಗ ಅರಿಯದೆಯೇ ತೋರಿಸಿಕೊಟ್ಟಿದ್ದ.

ಹಿರಿಯರು ಪುಸ್ತಕ ತೆರೆದು ತೋರಿಸಿದರು. ಎಲ್ಲೆಯನ್ನು ಬರೆದದ್ದು ನೆಲದ ಮೇಲೆ, ಗಡಿಯಾರದ ಮೇಲಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಊರ್ಧ್ವವ್ಯತಿಕ್ರಮ, ಅಧೋವ್ಯತಿಕ್ರಮ, ತಿರ್ಯಗ್ವ್ಯತಿಕ್ರಮ, ಕ್ಷೇತ್ರವೃದ್ಧಿ, ಸ್ಮೃತ್ಯಂತರಾಧಾನ. ಮೇಲೆ, ಕೆಳಗೆ, ಅಡ್ಡಲಾಗಿ ಎಲ್ಲೆ ಮೀರುವುದು ಮೂರು. ಎಲ್ಲೆಯನ್ನು ಹಿಗ್ಗಿಸಿಕೊಳ್ಳುವುದು ನಾಲ್ಕನೆಯದು. ಎಲ್ಲೆಯನ್ನೇ ಮರೆಯುವುದು ಐದನೆಯದು. ವಿಮಾನ ಹತ್ತಿದರೆ ಒಂದೇ ಟಿಕೇಟಿನಲ್ಲಿ ಮೇಲಿನದೂ ಆಯಿತು, ಅಡ್ಡದ್ದೂ ಆಯಿತು ಎಂದು ಅವರು ನಕ್ಕರಂತೆ. ಆ ನಗೆ ಮನೆಯವರಿಗೆ ರುಚಿಸಲಿಲ್ಲ.

ಮಗ ಬಿಡಲಿಲ್ಲ. ದಕ್ಷಿಣಕ್ಕೆ ಶ್ರವಣಬೆಳಗೊಳದವರೆಗೆ ಎಲ್ಲೆಯಿದ್ದರೂ ಇನ್ನು ಈ ವಯಸ್ಸಿನಲ್ಲಿ ಅಲ್ಲಿಗೆ ಹೋಗುವುದು ಉಂಟೆ? ದಕ್ಷಿಣದಲ್ಲಿ ನೂರು ಕಿಲೋಮೀಟರು ಕಡಿಮೆ ಮಾಡಿ ಉತ್ತರಕ್ಕೆ ಸೇರಿಸಿಕೊಂಡರೆ ಒಟ್ಟು ಮೊತ್ತ ಹಾಗೆಯೇ ಉಳಿಯುತ್ತದಲ್ಲ ಎಂದ. ವ್ಯಾಪಾರಿಯ ಮಗನಿಗೆ ಸಹಜವಾಗಿ ಹೊಳೆಯುವ ಉಪಾಯ. ಒಂದು ಖಾತೆಯ ಉಳಿಕೆಯನ್ನು ಇನ್ನೊಂದಕ್ಕೆ ವರ್ಗ ಮಾಡುವುದು ಅಂಗಡಿಯಲ್ಲಿ ದಿನನಿತ್ಯದ ಕೆಲಸ. ಆದರೆ ಶ್ರಾವಕಾಚಾರದ ವ್ಯಾಖ್ಯಾನಕಾರರು ಈ ಉಪಾಯವನ್ನು ಶತಮಾನಗಳ ಹಿಂದೆಯೇ ಊಹಿಸಿ, ಇದನ್ನೂ ಕ್ಷೇತ್ರವೃದ್ಧಿಯಲ್ಲೇ ಸೇರಿಸಿದ್ದಾರೆ. ಅವರ ಮುಂದೆ ಕುಳಿತು ವ್ರತ ಕೇಳಿದವರಲ್ಲಿ ವ್ಯಾಪಾರಿಗಳೇ ಹೆಚ್ಚಾಗಿದ್ದಿರಬೇಕು!

ಸರಿಯಾದ ಪ್ರಶ್ನೆಯನ್ನು ಕೇಳಿದವನು ಬೀದರ್‌ನ ಅಳಿಯ. ಅವನೂ ಓದಿದವನೇ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕ್ಷೇತ್ರವೃದ್ಧಿಯನ್ನು ವಿವರಿಸುವಾಗ, ಲೋಭದ ಆವೇಶದಿಂದ ಎಲ್ಲೆಯನ್ನು ಹೆಚ್ಚಿಸುವ ಅಭಿಪ್ರಾಯವೆಂದು ಹೇಳಿದ್ದಾರೆ. “ಅವ್ವನ್ನ ನೋಡೋದ್ರಾಗ ಲೋಭ ಎಲ್ಲಿ ಬಂತು ಮಾವ? ನಿಮಗೇನು ಇಲ್ಲಿ ಅಕ್ಕಿ ಮಾರೋದೈತೇನು?” ಎಂದು ಕೇಳಿದ.

ಮಮತೆಯೂ ಲೋಭದ ಮನೆತನದ್ದೇ ಎಂದು ಹಿರಿಯರು ಉತ್ತರ ಕೊಟ್ಟರು. ಶಾಸ್ತ್ರದೃಷ್ಟಿಯಿಂದ ಅದು ತಪ್ಪಲ್ಲ. ಆದರೂ ಆ ಉತ್ತರದಲ್ಲಿ ಸಮಾಧಾನಕ್ಕಿಂತ ಅವಸರವೇ ಹೆಚ್ಚಾಗಿ ಕಾಣುತ್ತದೆ. ಹೋಗಿ ಬಂದು ಪ್ರಾಯಶ್ಚಿತ್ತ ಪಡೆಯುವ ದಾರಿಯೂ ಇತ್ತು. ಮನೆಯಾಕೆ ಅದನ್ನು ಸೂಚಿಸಿದರು. ಪ್ರಾಯಶ್ಚಿತ್ತವನ್ನು ಮೊದಲೇ ಲೆಕ್ಕ ಹಾಕಿಕೊಂಡು ಮಾಡುವ ತಪ್ಪು, ಹಿಂದಿರುಗಿಸುವ ಮನಸ್ಸಿಲ್ಲದೆ ತರುವ ಸಾಲವಿದ್ದಂತೆ ಎಂದು ಅದನ್ನೂ ತಳ್ಳಿಹಾಕಿದರು. ಇದು ಮಾತ್ರ ಸರಿಯಾದ ಮಾತು.

ಉತ್ತರಕ್ಕೆ ಹೋಗುವುದೇ ದೋಷವಾದರೆ ನಮ್ಮ ಆಚಾರ್ಯರು ಹೋಗಲಿಲ್ಲವೇ ಎಂದು ಆ ದಿನಗಳಲ್ಲಿ ಯಾರೋ ನೆಂಟರು ಕೇಳಿದರಂತೆ. ಭದ್ರಬಾಹು ಸ್ವಾಮಿಗಳ ಸಂಘ ಉಜ್ಜಯಿನಿಯಿಂದ ದಕ್ಷಿಣಕ್ಕೆ ನಡೆದು ಬಂದಿತೆಂದು ಚಂದ್ರಗಿರಿಯ ಹಳೆಯ ಶಾಸನ ಸಾರುತ್ತದೆ. ನಮ್ಮ ಕಾಲಕ್ಕೆ ಬಂದರೆ, ಆಚಾರ್ಯ ಶಾಂತಿಸಾಗರರು 1928ರಲ್ಲಿ ಸಮ್ಮೇದಶಿಖರಜಿಯನ್ನು ತಲುಪಿದ್ದು ಕಾಲ್ನಡಿಗೆಯಲ್ಲಿ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಅಜ್ಮೇರಿನಲ್ಲಿ ದೀಕ್ಷೆ ಪಡೆದು, 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಸಲ್ಲೇಖನದಿಂದ ದೇಹ ಬಿಡುವವರೆಗೆ ನಡೆದೇ ವಿಹಾರ ಮಾಡಿದರು. ಮುನಿಗಳಿಗೆ ದಿಗ್ವ್ರತವಿಲ್ಲ, ಬೇಕಾಗಿಯೂ ಇಲ್ಲ. ಎದುರಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವವರಿಗೆ ಹೆಜ್ಜೆಯೇ ಎಲ್ಲೆ. ವಾಹನ ಹತ್ತುವ ಗೃಹಸ್ಥನಿಗೆ ಆ ಎಲ್ಲೆ ಇಲ್ಲದ್ದರಿಂದ ಇನ್ನೊಂದನ್ನು ಬರೆದುಕೊಳ್ಳಬೇಕಾಗುತ್ತದೆ. ಮೂವತ್ತು ಸಾವಿರ ಅಡಿ ಮೇಲಿನಿಂದ ನೋಡುವವನಿಗೆ ಇರುವೆಯಂತಿರಲಿ, ಮಳಖೇಡವೇ ಕಾಣಿಸದು.

ತಂತಿಯಲ್ಲಿ ಮಾತು ನಡೆದೇ ಇತ್ತು. ದೇಶವ್ರತದ ಅತಿಚಾರಗಳಲ್ಲಿ ಶಬ್ದಾನುಪಾತ, ರೂಪಾನುಪಾತ ಎಂಬೆರಡಿವೆ. ಎಲ್ಲೆಯ ಹೊರಗಿನವರಿಗೆ ದನಿ ಕೇಳಿಸಿ, ರೂಪ ತೋರಿಸಿ ಕೆಲಸ ಸಾಧಿಸಿಕೊಳ್ಳುವುದು. ಮೊಬೈಲಿನ ಕಾಲಕ್ಕೆ ಬರೆದಂತಿವೆ. ತಮ್ಮದು ದೇಶವ್ರತವಲ್ಲ, ದಿಗ್ವ್ರತ. ಸಾಧಿಸಿಕೊಳ್ಳುವ ಕೆಲಸವೂ ಇಲ್ಲ ಎಂದು ಹಿರಿಯರು ದಿನವೂ ಅಕ್ಕನ ಮುಖವನ್ನು ಪರದೆಯ ಮೇಲೆ ನೋಡಿ ಮಾತನಾಡಿದರು. ಒಂದು ಸಂಜೆ ಅಕ್ಕನೇ ಹೇಳಿದಳು: “ನೀ ಬರಬ್ಯಾಡಪ್ಪ. ಹಿಡಿದದ್ದು ಬಿಡಬ್ಯಾಡ. ನಾನೇ ಮಳಖೇಡಕ್ಕ ಬರ್ತೀನಿ. ನೇಮಿನಾಥನ್ನ ನೋಡಿದಂಗೂ ಆಗ್ತದ.”

ಮಗನ ವಿರೋಧದ ನಡುವೆಯೇ, 2023ರ ಜನವರಿಯಲ್ಲಿ ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದರು. ದಾರಿಯಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ತಮ್ಮ ಮೊದಲೇ ಬಂದು ಬಸದಿಯ ಮುಂದೆ ಕಾದಿದ್ದರು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಒಳಗೆ ಒಯ್ದರು. ತೊಂಬತ್ತಾರು ಬಿಂಬಗಳನ್ನೂ ಎಣಿಸಬೇಕೆಂದು ಅವಳು ಹಟ ಹಿಡಿದು ನಲವತ್ತರವರೆಗೆ ಎಣಿಸಿ ದಣಿದಳು. ಉಳಿದದ್ದನ್ನು ತಮ್ಮ ಎಣಿಸಿದರು. ಮೂರು ದಿನ ಜೊತೆಯಲ್ಲಿದ್ದರು. ವಾಡಿಯ ಪ್ಲಾಟ್‌ಫಾರ್ಮಿನ ರಾತ್ರಿಯ ಮಾತು ಬಂದಿತು, ತವರಿನ ಹಿತ್ತಲಿನ ಹಲಸಿನ ಮರದ ಮಾತು ಬಂದಿತು. ಹೊರಡುವಾಗ ಅಕ್ಕ ಅವರ ಕೈಗೆ ನೂರೊಂದು ರೂಪಾಯಿ ಕೊಟ್ಟು, ಭಾನುವಳ್ಳಿಯ ಮೊಮ್ಮಕ್ಕಳಿಗೆ ಎಂದಳು.

ಬೀದರ್‌ಗೆ ಮರಳಿದ ಏಳನೆಯ ವಾರದಲ್ಲಿ ಅವಳು ತೀರಿಕೊಂಡಳು. ತಮ್ಮ ಹೋಗಲಿಲ್ಲ. ಭಾನುವಳ್ಳಿಯಲ್ಲೇ ಸ್ನಾನ ಮಾಡಿ, ಸೂತಕ ಕಳೆದು, ಉಪವಾಸವಿದ್ದರು. ಅಳಿಯ ಒಂದು ವರ್ಷಕ್ಕೂ ಮೇಲೆ ಮಾತು ಬಿಟ್ಟ. ಆ ಪ್ರಯಾಣವಿಲ್ಲದಿದ್ದರೆ ಅವ್ವ ಇನ್ನೆರಡು ತಿಂಗಳು ಇರುತ್ತಿದ್ದಳೆಂದು ಅವನು ನೆಂಟರ ಮುಂದೆ ಹೇಳಿದ್ದು ಭಾನುವಳ್ಳಿಯವರೆಗೂ ಬಂದಿತು. ಇರುತ್ತಿದ್ದಳೋ ಇಲ್ಲವೋ, ವೈದ್ಯರೂ ಹೇಳಲಾರರು.

ವ್ರತವನ್ನು ಉಳಿಸಿಕೊಂಡದ್ದಕ್ಕಾಗಿ ಹಿರಿಯರನ್ನು ದೂರುವುದು ಕಷ್ಟ. ನಲವತ್ತೊಂದು ವರ್ಷ ನಡೆಸಿದ ವ್ರತವನ್ನು ಕೊನೆಯ ಹೊಸ್ತಿಲಲ್ಲಿ ಬಿಟ್ಟಿದ್ದರೆ, ಸೊಲ್ಲಾಪುರದ ಲಾಭವನ್ನು ಬಿಟ್ಟದ್ದಕ್ಕೆ ಏನು ಅರ್ಥ? ಆದರೆ ಅದನ್ನು ಬರೆಯುವಾಗ, ಜನ ಇದ್ದಲ್ಲಿಯೇ ಇರುತ್ತಾರೆಂದು ಅವರು ನಂಬಿದ್ದರು. ಬೆಟ್ಟ, ನದಿ, ಸಮುದ್ರಗಳು ಕದಲುವುದಿಲ್ಲ. ಅಕ್ಕನ ಮನೆ ಕದಲಿತು. ಇನ್ನೊಂದು ಸಂಗತಿಯೂ ಇದೆ. ಅಂಗಡಿಯ ನಷ್ಟವನ್ನು ಅವರೇ ಹೊತ್ತಿದ್ದರು. ಈ ನಷ್ಟವನ್ನು ಹೊತ್ತವಳು ವ್ರತ ತೊಡದ ಅಕ್ಕ.

ಇದನ್ನು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಮರುವರ್ಷದ ಪರ್ಯೂಷಣದಲ್ಲಿ ಏಳನೆಯ ಅಧ್ಯಾಯವನ್ನು ಓದುತ್ತಿರುವಾಗ ದೇಶವ್ರತದ ಮೊದಲ ಅತಿಚಾರದ ಬಳಿ ಓದು ನಿಂತಿತು: ಆನಯನ, ಎಲ್ಲೆಯ ಹೊರಗಿರುವುದನ್ನು ತನ್ನ ಬಳಿಗೆ ತರಿಸಿಕೊಳ್ಳುವುದು. ಅದು ತಮ್ಮ ವ್ರತಕ್ಕೆ ಹೇಳಿದ್ದಲ್ಲ ಎಂದು ತರ್ಕಿಸುವ ವಿದ್ಯೆ ಅವರಲ್ಲಿತ್ತು. ಫೋನಿನ ವಿಷಯದಲ್ಲಿ ಹಾಗೆಯೇ ತರ್ಕಿಸಿದ್ದರು. ಈ ಸಲ ತರ್ಕಿಸಲಿಲ್ಲ. ಆ ದಶಲಕ್ಷಣದ ಹತ್ತು ದಿನಗಳೂ ಏಕಾಶನ ಮಾಡಿ, ಕ್ಷಮಾವಣಿಯ ದಿನ ಬೀದರ್‌ಗೆ ತಾವೇ ಫೋನು ಮಾಡಿದರು. ಅಳಿಯ ಎತ್ತಿಕೊಂಡ. ಇಬ್ಬರೂ ಹೆಚ್ಚು ಮಾತನಾಡಲಿಲ್ಲ.

ಆ ಚಳಿಗಾಲದಲ್ಲಿ ಅಳಿಯ ಭಾನುವಳ್ಳಿಗೆ ಬಂದ. ಮಾವ ಮಲಗಿದ್ದ ಮಧ್ಯಾಹ್ನ ಗೂಡಿನ ಕೆಳಗಿನ ಪುಸ್ತಕವನ್ನು ತೆಗೆದು ನೋಡಿದ. ಮೊದಲ ಪುಟ ಹಾಗೆಯೇ ಇತ್ತು. ಉತ್ತರದ ಎದುರಿಗೆ ಮಳಖೇಡ, ತಿದ್ದಿರಲಿಲ್ಲ. ಹಾಳೆಗಳನ್ನು ತಿರುವಿದಾಗ ಹಿಂದಿನ ಪುಟಗಳಲ್ಲಿ ಹೊಸ ಬರಹ ಕಂಡಿತು. ಅಂಗಡಿಯ ಪದ್ಧತಿಯಂತೆ ಎಡಬದಿಯಲ್ಲಿ ವರ್ಷ, ನಡುವೆ ವಿವರ, ಬಲಬದಿಯಲ್ಲಿ ಅಂಕಿ. ಮೇಲೆ ‘ಅಕ್ಕನಿಗೆ ಕೊಡಬೇಕಾದ ಬಾಕಿ’ ಎಂಬ ತಲೆಬರಹ. 1999ರಿಂದ ಆರಂಭವಾಗಿ ವರ್ಷಕ್ಕೊಂದರಂತೆ ಸಾಲುಗಳು: ಬೀದರ್‌ನಿಂದ ಮಳಖೇಡಕ್ಕೆ, ಹೋಗಿ ಬಂದದ್ದು, ಇಷ್ಟು ಕಿಲೋಮೀಟರು. ಯಾವ ವರ್ಷ ಬಸ್ಸಿನಲ್ಲಿ, ಯಾವ ವರ್ಷ ಮೊಣಕಾಲು ನೋವಿನಲ್ಲಿ ಎಂಬುದನ್ನೂ ನೆನಪಿಟ್ಟು ಬರೆದಿದ್ದರು. ಕೊನೆಯ ಸಾಲು 2023, ಕಾರಿನಲ್ಲಿ, ಮಲಗಿಕೊಂಡು. ಅದರ ಕೆಳಗೆ ಗೆರೆ ಎಳೆದಿತ್ತು. ಗೆರೆಯ ಕೆಳಗೆ ಮೊತ್ತ ಹಾಕಿರಲಿಲ್ಲ.